ಸೋರ್ಸ್ ಕೋಡಿಗೆ ಕಾನೂನಿನ ರಕ್ಷಣೆ: ಕೃತಿಸ್ವಾಮ್ಯವೇ, ಪೇಟೆಂಟೇ, ಗೋಪ್ಯತೆಯೇ?

ತಂತ್ರಾಂಶವೊಂದನ್ನು ಬರೆದು ಮುಗಿಸಿದವರು ಸಾಮಾನ್ಯವಾಗಿ ಮೊದಲು ಕೇಳುವುದು, ‘ಇದಕ್ಕೆ ಕಾಪಿರೈಟ್ ಮಾಡಿಸಬೇಕೋ, ಪೇಟೆಂಟ್ ಮಾಡಿಸಬೇಕೋ?’ ಎಂದು. ಆ ಪ್ರಶ್ನೆ ಮೂಡುವ ಹೊತ್ತಿಗೆ ಬಹಳಷ್ಟು ಸಲ ಪೇಟೆಂಟಿನ ಅವಕಾಶ ಕೈತಪ್ಪಿರುತ್ತದೆ. ಕೃತಿಸ್ವಾಮ್ಯ, ಅಂದರೆ ಕಾಪಿರೈಟ್, ಯಾರೂ ಕೇಳದೆಯೇ ಹುಟ್ಟಿಕೊಂಡಿರುತ್ತದೆ, ಆದರೆ ಅದು ಯಾರಿಗೆ ಸೇರಿದ್ದು ಎಂಬುದಕ್ಕೆ ಕಾಗದದ ಮೇಲೆ ಒಂದು ಸಾಲೂ ಇರುವುದಿಲ್ಲ. ಆದ್ದರಿಂದ ಈ ಬರಹದ ಹೆಜ್ಜೆಗಳಿಗೆ ಒಂದು ಅನುಕ್ರಮವಿದೆ: ತಡಮಾಡಿದರೆ ಸರಿಪಡಿಸಲಾಗದವು ಮೊದಲು, ನಿಧಾನವಾಗಿಯಾದರೂ ಮಾಡಬಹುದಾದವು ಆಮೇಲೆ. ನೋಂದಣಿಯ ಪ್ರಮಾಣಪತ್ರಕ್ಕಿಂತ ಒಡೆತನದ ಪತ್ರಗಳು ಹೆಚ್ಚು ಮುಖ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ, ಹಾಗಾಗಿ ಎರಡನೆಯ ಹೆಜ್ಜೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಕಾನೂನು ದೇಶದಿಂದ ದೇಶಕ್ಕೆ ಬದಲಾಗುವುದರಿಂದ, ಎಲ್ಲೆಡೆ ಅನ್ವಯಿಸುವ ನಿಯಮವನ್ನು ಮೊದಲು ಹೇಳಿ, ಭಾರತ, ಅಮೆರಿಕ ಮತ್ತು ಯುರೋಪಿನ ದಾರಿಗಳು ಕವಲೊಡೆಯುವಲ್ಲಿ ಅದನ್ನು ಸೂಚಿಸಿದ್ದೇನೆ.

ಮೊದಲ ಹೆಜ್ಜೆ: ರಕ್ಷಿಸಬೇಕಾದದ್ದು ಏನೆಂದು ಬಿಡಿಸಿ ನೋಡಿ

‘ನನ್ನ ತಂತ್ರಾಂಶ’ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದು ಕಾನೂನಿನ ಕಣ್ಣಿಗೆ ಹಲವು ವಸ್ತುಗಳು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಯಂತ್ರವೊಂದರ ಕಂಪನವನ್ನು ಸೆನ್ಸರ್ ಮೂಲಕ ಅಳೆದು, ಅದರ ಬೇರಿಂಗ್ ಕೆಡುವ ಮುನ್ಸೂಚನೆ ಕೊಡುವ ತಂತ್ರಾಂಶವನ್ನು ನೀವು ಪೈಥಾನ್‌ನಲ್ಲಿ ಬರೆದಿದ್ದೀರಿ. ಇದರಲ್ಲಿ ನೀವು ಬರೆದ ಸಾಲುಗಳಿವೆ. ಆ ಸಾಲುಗಳ ಹಿಂದೆ ಕಂಪನದ ಅಲೆಗಳನ್ನು ವಿಶ್ಲೇಷಿಸುವ ಒಂದು ವಿಧಾನವಿದೆ. ಯಾವ ಮಟ್ಟ ಮೀರಿದರೆ ಅಪಾಯ ಎಂದು ಪ್ರಯೋಗಗಳಿಂದ ಕಂಡುಕೊಂಡ ಮಿತಿಗಳ ಪಟ್ಟಿಯಿದೆ. ಜೊತೆಗೆ ಒಂದು ಹೆಸರೂ ಲಾಂಛನವೂ ಇವೆ.

ಸಾಲುಗಳಿಗೆ ಸಿಗುವುದು ಕೃತಿಸ್ವಾಮ್ಯ. ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 10ನೇ ವಿಧಿಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮನ್ನು, ಅದು ಮನುಷ್ಯರು ಬರೆದು ಓದುವ ಸೋರ್ಸ್ ಕೋಡ್ ರೂಪದಲ್ಲಿರಲಿ ಯಂತ್ರ ಓದುವ ಆಬ್ಜೆಕ್ಟ್ ಕೋಡ್ ರೂಪದಲ್ಲಿರಲಿ, ಸಾಹಿತ್ಯ ಕೃತಿಯೆಂದೇ ರಕ್ಷಿಸಬೇಕು. ಅದೇ ಒಪ್ಪಂದದ 9ನೇ ವಿಧಿ ಈ ರಕ್ಷಣೆಯ ಎಲ್ಲೆಯನ್ನೂ ಹಾಕುತ್ತದೆ: ರಕ್ಷಣೆ ಅಭಿವ್ಯಕ್ತಿಗೆ ಮಾತ್ರ, ಕಲ್ಪನೆ, ಕಾರ್ಯವಿಧಾನ, ಗಣಿತದ ಪರಿಕಲ್ಪನೆ ಇವುಗಳಿಗಿಲ್ಲ. ನಿಮ್ಮ ಫೈಲುಗಳನ್ನು ನಕಲು ಮಾಡಿ, ವೇರಿಯಬಲ್‌ಗಳ ಹೆಸರು ಬದಲಿಸಿ ಮಾರುವವನು ಕೃತಿಸ್ವಾಮ್ಯವನ್ನು ಉಲ್ಲಂಘಿಸುತ್ತಾನೆ. ನಿಮ್ಮ ಕೈಪಿಡಿಯನ್ನು ಓದಿ ವಿಧಾನವನ್ನು ಅರ್ಥಮಾಡಿಕೊಂಡು, ಅದನ್ನೇ ರಸ್ಟ್ ಭಾಷೆಯಲ್ಲಿ ತಾನೇ ಮೊದಲಿನಿಂದ ಬರೆದವನು ಉಲ್ಲಂಘಿಸುವುದಿಲ್ಲ. ಯುರೋಪಿನ ನ್ಯಾಯಾಲಯ 2012ರಲ್ಲಿ ಎಸ್‌ಎಎಸ್ ಇನ್‌ಸ್ಟಿಟ್ಯೂಟ್ ಮತ್ತು ವರ್ಲ್ಡ್ ಪ್ರೋಗ್ರಾಮಿಂಗ್ ನಡುವಿನ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು: ಪ್ರೋಗ್ರಾಮ್ ಮಾಡುವ ಕೆಲಸಕ್ಕಾಗಲಿ, ಪ್ರೋಗ್ರಾಮಿಂಗ್ ಭಾಷೆಗಾಗಲಿ, ದತ್ತಾಂಶ ಫೈಲುಗಳ ವಿನ್ಯಾಸಕ್ಕಾಗಲಿ ಪ್ರೋಗ್ರಾಮಿನ ಕೃತಿಸ್ವಾಮ್ಯ ಅನ್ವಯಿಸುವುದಿಲ್ಲ.

ವಿಧಾನವನ್ನೇ ಹಿಡಿದಿಡಬೇಕಾದರೆ ಇರುವ ಸಾಧನ ಪೇಟೆಂಟ್. ಮಿತಿಗಳ ಪಟ್ಟಿಗೆ ವ್ಯಾಪಾರ ರಹಸ್ಯದ ಕಾನೂನು, ಹೆಸರಿಗೆ ಟ್ರೇಡ್‌ಮಾರ್ಕ್. ನಿಮ್ಮ ತಂತ್ರಾಂಶದ ನಿಜವಾದ ಬೆಲೆ ಈ ನಾಲ್ಕರಲ್ಲಿ ಯಾವುದರಲ್ಲಿದೆ ಎಂದು ಒಂದು ಪುಟದಲ್ಲಿ ಬರೆದಿಡಿ. ಮುಂದಿನ ಪ್ರತಿಯೊಂದು ನಿರ್ಧಾರಕ್ಕೂ ಅದೇ ಆಧಾರ.

ಎರಡನೆಯ ಹೆಜ್ಜೆ: ಒಡೆತನವನ್ನು ಕಾಗದಕ್ಕೆ ಇಳಿಸಿ

ಹಣ ಕೊಟ್ಟು ಬರೆಸಿದ ಕೋಡ್ ಹಣ ಕೊಟ್ಟವರಿಗೇ ಸೇರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಮತ್ತು ಅದು ಅರ್ಧ ಮಾತ್ರ ಸತ್ಯ. ಸಂಬಳಕ್ಕಿರುವ ನೌಕರರು ಕೆಲಸದ ಭಾಗವಾಗಿ ಬರೆದ ಕೋಡಿನ ವಿಷಯದಲ್ಲಿ ಅದು ಬಹುಮಟ್ಟಿಗೆ ಸರಿ: ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಬೇರೆ ಒಪ್ಪಂದವಿಲ್ಲದಿದ್ದರೆ ಮಾಲೀಕರೇ ಮೊದಲ ಹಕ್ಕುದಾರರು, ಯುರೋಪಿನ ತಂತ್ರಾಂಶ ನಿರ್ದೇಶನವೂ ಅಮೆರಿಕದ ಕಾನೂನೂ ಇದೇ ದಿಕ್ಕಿನಲ್ಲಿವೆ. ಸ್ವತಂತ್ರವಾಗಿ ಗುತ್ತಿಗೆಯ ಮೇಲೆ ಕೆಲಸ ಮಾಡುವವರ ವಿಷಯದಲ್ಲಿ ಮಾತ್ರ ಪರಿಸ್ಥಿತಿ ತಿರುವುಮುರುವು. ಲಿಖಿತ ಹಸ್ತಾಂತರ ಇಲ್ಲದಿದ್ದರೆ ಸಾಮಾನ್ಯವಾಗಿ ಕೃತಿಸ್ವಾಮ್ಯ ಬರೆದವರಲ್ಲೇ ಉಳಿಯುತ್ತದೆ, ಹಣ ಕೊಟ್ಟವರಿಗೆ ಸಿಗುವುದು ಬಳಸುವ ಅನುಮತಿಯಷ್ಟೇ. ಆ ಅನುಮತಿ ಎಷ್ಟು ವಿಶಾಲ ಎಂಬುದು ಮುಂದೊಂದು ದಿನ ನ್ಯಾಯಾಲಯ ತೀರ್ಮಾನಿಸಬೇಕಾದ ಪ್ರಶ್ನೆಯಾಗುತ್ತದೆ.

ಹಸ್ತಾಂತರ ಪತ್ರ ಇದ್ದರಷ್ಟೇ ಸಾಲದು, ಅದರಲ್ಲಿ ಏನು ಬರೆದಿದೆ ಎಂಬುದನ್ನು ಓದಬೇಕು. ಭಾರತದ ಕಾಯ್ದೆಯ 19ನೇ ಕಲಮನ್ನು ನೋಡಿ. ಹಸ್ತಾಂತರವು ಲಿಖಿತವಾಗಿ ಸಹಿಯೊಂದಿಗೆ ಇರಬೇಕು. ಯಾವ ಕೃತಿ, ಯಾವ ಹಕ್ಕುಗಳು, ಎಷ್ಟು ಕಾಲ, ಯಾವ ಭೂಪ್ರದೇಶ ಎಂಬುದನ್ನು ಹೇಳಬೇಕು. ಅವಧಿಯನ್ನು ಹೇಳದಿದ್ದರೆ ಅದು 5 ವರ್ಷವೆಂದು, ಪ್ರದೇಶವನ್ನು ಹೇಳದಿದ್ದರೆ ಭಾರತ ಮಾತ್ರವೆಂದು ಕಾನೂನೇ ಭಾವಿಸುತ್ತದೆ. ಅದರ ಜೊತೆಗೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಚಲಾಯಿಸದಿದ್ದರೆ, ಬೇರೆ ರೀತಿ ಬರೆದುಕೊಂಡಿಲ್ಲದ ಪಕ್ಷದಲ್ಲಿ, ಆ ಹಕ್ಕು ರದ್ದಾಗುತ್ತದೆ. ‘ಈ ಯೋಜನೆಯ ಎಲ್ಲ ಹಕ್ಕುಗಳೂ ಕಂಪನಿಗೆ ಸೇರಿದ್ದು’ ಎಂಬ ಒಂದೇ ಸಾಲಿನ ಒಪ್ಪಂದ ಮಾಡಿಕೊಂಡವರು ಆರನೆಯ ವರ್ಷ ವಿದೇಶದ ಗ್ರಾಹಕರಿಗೆ ತಂತ್ರಾಂಶ ಮಾರಲು ಹೊರಟಾಗ ಈ ಮೂರೂ ಅಂಶಗಳು ಒಟ್ಟಿಗೆ ಎದುರಾಗಬಹುದು. ಆದ್ದರಿಂದ ಪತ್ರದಲ್ಲಿ ‘ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ, ಒಂದು ವರ್ಷದೊಳಗೆ ಬಳಸದಿದ್ದರೂ ರದ್ದಾಗದಂತೆ’ ಎಂಬ ಮಾತುಗಳು ಬಿಡಿಬಿಡಿಯಾಗಿ ಇರಲೇಬೇಕು.

ಕ್ರಿಯಾಪದವನ್ನೂ ಗಮನಿಸಬೇಕು. ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಮಾನಿಸಿದ ಸ್ಟ್ಯಾನ್‌ಫರ್ಡ್ ಮತ್ತು ರೋಶ್ ಪ್ರಕರಣದ ಹಿನ್ನೆಲೆಯಲ್ಲಿ ಇದ್ದದ್ದು ಎರಡು ಸಹಿಗಳು. ಒಬ್ಬ ಸಂಶೋಧಕ ತನ್ನ ವಿಶ್ವವಿದ್ಯಾಲಯಕ್ಕೆ ‘ಹಕ್ಕುಗಳನ್ನು ಹಸ್ತಾಂತರಿಸಲು ಒಪ್ಪುತ್ತೇನೆ’ ಎಂದು ಬರೆದುಕೊಟ್ಟಿದ್ದ. ಆಮೇಲೆ ಒಂದು ಕಂಪನಿಯಲ್ಲಿ ಕೆಲಸ ಕಲಿಯಲು ಹೋದಾಗ ‘ಹಸ್ತಾಂತರಿಸುತ್ತೇನೆ, ಈ ಮೂಲಕ ಹಸ್ತಾಂತರಿಸಿದ್ದೇನೆ’ ಎಂಬ ಅರ್ಥದ ಪತ್ರಕ್ಕೆ ಸಹಿ ಹಾಕಿದ. ಮೊದಲನೆಯದು ಮುಂದೆ ಕೊಡುವೆನೆಂಬ ಭರವಸೆ, ಎರಡನೆಯದು ಆಗಲೇ ಕೊಟ್ಟ ದಾನ ಎಂದು ಕೆಳ ನ್ಯಾಯಾಲಯ ಅರ್ಥೈಸಿತ್ತು, ಮತ್ತು ಕೊನೆಗೆ ಮೊದಲು ಸಹಿ ಪಡೆದ ವಿಶ್ವವಿದ್ಯಾಲಯವೇ ಸೋತಿತು. ಪ್ರಕರಣ ತಂತ್ರಾಂಶದ್ದಲ್ಲ, ವೈದ್ಯಕೀಯ ಪರೀಕ್ಷಾ ವಿಧಾನದ ಪೇಟೆಂಟುಗಳದ್ದು. ಆದರೆ ಪಾಠ ಎಲ್ಲ ಆವಿಷ್ಕಾರಗಳಿಗೂ ಒಂದೇ. ಒಪ್ಪಂದದಲ್ಲಿ ‘ಈ ಮೂಲಕ ಹಸ್ತಾಂತರಿಸುತ್ತೇನೆ’ ಎಂದೇ ಬರೆಸಿ.

ಈ ಹೆಜ್ಜೆಯಲ್ಲಿ ಮರೆತುಹೋಗುವವರು ಸಾಮಾನ್ಯವಾಗಿ ಇವರು: ಕಂಪನಿ ನೋಂದಣಿಯಾಗುವ ಮುನ್ನ ಮೊದಲ ಆವೃತ್ತಿಯನ್ನು ಬರೆದ ಸಂಸ್ಥಾಪಕರು, ತರಬೇತಿಗೆ ಬಂದ ವಿದ್ಯಾರ್ಥಿಗಳು, ಸ್ನೇಹಕ್ಕಾಗಿ ನೆರವಾದ ಗೆಳೆಯರು, ಮುಕ್ತ ಯೋಜನೆಗೆ ತಿದ್ದುಪಡಿ ಕಳಿಸಿದ ಅಪರಿಚಿತರು. ಕೋಡ್ ಭಂಡಾರದ ಇತಿಹಾಸದಿಂದ ಎಲ್ಲ ಕೊಡುಗೆದಾರರ ಹೆಸರುಗಳನ್ನು ತೆಗೆದು, ಪ್ರತಿಯೊಂದು ಹೆಸರಿನ ಮುಂದೆ ಯಾವ ಪತ್ರವಿದೆ ಎಂದು ಬರೆಯಿರಿ. ಖಾಲಿ ಉಳಿದ ಸಾಲುಗಳಿಗೆ, ಸಂಬಂಧಗಳು ಚೆನ್ನಾಗಿರುವಾಗಲೇ, ಸಹಿ ಪಡೆಯಿರಿ.

ಕೃತಕ ಬುದ್ಧಿಮತ್ತೆಯ ಸಾಧನಗಳು ಬರೆದುಕೊಟ್ಟ ಕೋಡಿನದು ಹೊಸ ಪ್ರಶ್ನೆ. ಮನುಷ್ಯ ಕರ್ತೃತ್ವವಿಲ್ಲದ ಕೃತಿಗೆ ಕೃತಿಸ್ವಾಮ್ಯ ಸಿಗದು ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2025ರಲ್ಲಿ ತೀರ್ಪು ಕೊಟ್ಟಿತು. ಯಂತ್ರವನ್ನು ಪೇಟೆಂಟಿನ ಆವಿಷ್ಕಾರಕನೆಂದು ಹೆಸರಿಸಲಾಗದು ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಯಾವ ಭಾಗವನ್ನು ಯಂತ್ರ ಬರೆಯಿತು, ಯಾವುದನ್ನು ಮನುಷ್ಯರು ಆರಿಸಿ, ತಿದ್ದಿ, ಜೋಡಿಸಿದರು ಎಂಬುದರ ದಾಖಲೆಯನ್ನು ಈಗಿನಿಂದಲೇ ಇಟ್ಟುಕೊಳ್ಳುವುದು ಜಾಣತನ. ಅಮೆರಿಕದಲ್ಲಿ ನೋಂದಣಿಗೆ ಅರ್ಜಿ ಹಾಕುವಾಗ, ಯಂತ್ರ ಬರೆದ ಭಾಗ ಗಣನೀಯವಾಗಿದ್ದರೆ ಅದನ್ನು ತಿಳಿಸಬೇಕೆಂಬ ನಿಯಮವೂ ಇದೆ.

ಮೂರನೆಯ ಹೆಜ್ಜೆ: ಬಹಿರಂಗಪಡಿಸುವ ಮೊದಲೇ ಪೇಟೆಂಟಿನ ಬಗ್ಗೆ ತೀರ್ಮಾನಿಸಿ

ಪೇಟೆಂಟಿನ ಮೊದಲ ಷರತ್ತು ಹೊಸತನ, ಮತ್ತು ಆ ಹೊಸತನವನ್ನು ಆವಿಷ್ಕಾರಕರೇ ಕೆಡಿಸಿಕೊಳ್ಳುವುದು ತೀರ ಸಾಮಾನ್ಯ. ಕೋಡನ್ನು ಸಾರ್ವಜನಿಕ ಭಂಡಾರದಲ್ಲಿ ಹಾಕುವುದು, ಸಮ್ಮೇಳನದಲ್ಲಿ ವಿಧಾನವನ್ನು ವಿವರಿಸುವುದು, ಗೋಪ್ಯತೆಯ ಒಪ್ಪಂದವಿಲ್ಲದೆ ಗ್ರಾಹಕರಿಗೆ ಒಳಗುಟ್ಟು ತೋರಿಸುವುದು, ಇವೆಲ್ಲ ಪ್ರಕಟಣೆಯೇ. ಅಮೆರಿಕದಲ್ಲಿ ಆವಿಷ್ಕಾರಕರ ಸ್ವಂತ ಪ್ರಕಟಣೆಗೆ ಒಂದು ವರ್ಷದ ವಿನಾಯಿತಿ ಇದೆ. ಯುರೋಪಿನಲ್ಲಿ ಅಂತಹ ಸಾಮಾನ್ಯ ವಿನಾಯಿತಿ ಇಲ್ಲ. ಭಾರತದಲ್ಲಿ ಇರುವ ವಿನಾಯಿತಿಗಳು ಬಹಳ ಸೀಮಿತ. ಆದ್ದರಿಂದ ಅರ್ಜಿ ಮೊದಲು, ಪ್ರಕಟಣೆ ನಂತರ ಎಂಬ ನಿಯಮವನ್ನು ಎಲ್ಲ ದೇಶಗಳಿಗೂ ಪಾಲಿಸುವುದೇ ಸುರಕ್ಷಿತ.

ಮುಂದಿನ ಪ್ರಶ್ನೆ, ನಿಮ್ಮ ವಿಧಾನ ಪೇಟೆಂಟಿಗೆ ಅರ್ಹವೇ ಎಂಬುದು. ಬರೀ ಲೆಕ್ಕಾಚಾರಕ್ಕೆ ಪೇಟೆಂಟ್ ಕೊಡಲು ಬಹುತೇಕ ದೇಶಗಳು ಒಪ್ಪುವುದಿಲ್ಲ. ಯುರೋಪಿಯನ್ ಪೇಟೆಂಟ್ ಒಡಂಬಡಿಕೆಯ 52ನೇ ವಿಧಿ ಕಂಪ್ಯೂಟರ್ ಪ್ರೋಗ್ರಾಮನ್ನು ‘ಅದರಷ್ಟಕ್ಕೆ ಅದನ್ನು’ ಆವಿಷ್ಕಾರವೆಂದು ಪರಿಗಣಿಸುವುದಿಲ್ಲ. ಭಾರತದ 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಗಣಿತದ ವಿಧಾನ, ವ್ಯವಹಾರದ ವಿಧಾನ, ಅಲ್ಗಾರಿದಮ್ ಮತ್ತು ‘ಬರಿಯ’ ಕಂಪ್ಯೂಟರ್ ಪ್ರೋಗ್ರಾಮನ್ನು ಹೊರಗಿಡುತ್ತದೆ. ಆದರೆ ತಾಂತ್ರಿಕ ಪರಿಣಾಮ ಅಥವಾ ತಾಂತ್ರಿಕ ಕೊಡುಗೆ ಇರುವ ಆವಿಷ್ಕಾರವನ್ನು ಅದು ಕಂಪ್ಯೂಟರ್ ಪ್ರೋಗ್ರಾಮನ್ನು ಆಧರಿಸಿದೆ ಎಂಬ ಒಂದೇ ಕಾರಣಕ್ಕೆ ನಿರಾಕರಿಸಬಾರದು ಎಂಬ ನಿಲುವನ್ನು ದೆಹಲಿ ಹೈಕೋರ್ಟ್ 2019ರ ಫೆರಿದ್ ಅಲಾನಿ ಪ್ರಕರಣದಲ್ಲಿ ತಳೆಯಿತು.

ಈ ಗೆರೆ ಎಲ್ಲಿ ಬೀಳುತ್ತದೆ ಎಂದು ಅರಿಯಲು ಅಮೆರಿಕದ ಮೂರು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ಓದುವುದು ಉತ್ತಮ. 1972ರ ಗಾಟ್‌ಶಾಲ್ಕ್ ಮತ್ತು ಬೆನ್ಸನ್ ಪ್ರಕರಣದಲ್ಲಿ, ದಶಮಾಂಶ ಅಂಕಿಗಳನ್ನು ಬೈನರಿ ಸಂಕೇತದಲ್ಲಿ ಬರೆದ ಸಂಖ್ಯೆಗಳನ್ನು ಶುದ್ಧ ಬೈನರಿಗೆ ಬದಲಿಸುವ ವಿಧಾನಕ್ಕೆ ಪೇಟೆಂಟ್ ಸಿಗಲಿಲ್ಲ. ಅದು ಬರಿಯ ಲೆಕ್ಕ. 1981ರ ಡೈಮಂಡ್ ಮತ್ತು ಡೀರ್ ಪ್ರಕರಣದಲ್ಲಿ ಅರ್ಜಿದಾರರು ಅರೀನಿಯಸ್ ಸಮೀಕರಣವೆಂಬ ಹಳೆಯ ಸೂತ್ರವನ್ನೇ ಬಳಸಿದ್ದರು, ಆದರೆ ರಬ್ಬರಿನ ಅಚ್ಚಿನೊಳಗಿನ ತಾಪಮಾನವನ್ನು ಸತತವಾಗಿ ಅಳೆದು, ಸೂತ್ರವನ್ನು ಮತ್ತೆಮತ್ತೆ ಲೆಕ್ಕ ಹಾಕಿ, ರಬ್ಬರ್ ಸರಿಯಾಗಿ ಹದಗೊಂಡ ಕ್ಷಣಕ್ಕೆ ಅಚ್ಚು ತಾನಾಗಿ ತೆರೆಯುವಂತೆ ಮಾಡಿದ್ದರು. ಅದು ಪೇಟೆಂಟಿಗೆ ಅರ್ಹವಾದ ಪ್ರಕ್ರಿಯೆ ಎಂದು ತೀರ್ಪಾಯಿತು. 2014ರ ಆಲಿಸ್ ಪ್ರಕರಣದಲ್ಲಿ, ಇಬ್ಬರ ನಡುವಿನ ವಹಿವಾಟಿನಲ್ಲಿ ಮಧ್ಯವರ್ತಿಯ ಮೂಲಕ ಅಪಾಯ ತಗ್ಗಿಸುವ ಹಳೆಯ ಪದ್ಧತಿಯನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ನಡೆಸಿದ್ದಷ್ಟೇ ಸಾಧನೆ ಎಂದು ನ್ಯಾಯಾಲಯ ಪೇಟೆಂಟನ್ನು ತಳ್ಳಿಹಾಕಿತು.

ಈ ಬೆಳಕಿನಲ್ಲಿ ನಮ್ಮ ಬೇರಿಂಗ್ ತಂತ್ರಾಂಶವನ್ನು ನೋಡಿ. ‘ಕಂಪನದ ದತ್ತಾಂಶದಿಂದ ಆರೋಗ್ಯ ಸೂಚ್ಯಂಕವನ್ನು ಲೆಕ್ಕ ಹಾಕುವ ವಿಧಾನ’ ಎಂದು ಹಕ್ಕು ಕೇಳಿದರೆ ಅದು ಬೆನ್ಸನ್‌ನ ದಾರಿ ಹಿಡಿಯುತ್ತದೆ. ‘ಸೆನ್ಸರಿನಿಂದ ಸತತವಾಗಿ ಸಂಕೇತ ಪಡೆದು, ಇಂತಿಂಥ ಆವರ್ತನಗಳನ್ನು ಬೇರ್ಪಡಿಸಿ, ಮಿತಿ ಮೀರಿದಾಗ ಮೋಟಾರಿನ ವೇಗವನ್ನು ತಗ್ಗಿಸುವ ವ್ಯವಸ್ಥೆ’ ಎಂದು ಕೇಳಿದರೆ ಡೀರ್‌ನ ಹತ್ತಿರ ಬರುತ್ತದೆ. ಅಷ್ಟಾದರೂ ಅದು ಹೊಸದಾಗಿರಬೇಕು, ಆ ಕ್ಷೇತ್ರದ ಪರಿಣತರಿಗೆ ಸುಲಭವಾಗಿ ಹೊಳೆಯುವಂಥದ್ದಾಗಿರಬಾರದು. ವಕೀಲರ ಬಳಿ ಹೋಗುವ ಮೊದಲು ಗೂಗಲ್ ಪೇಟೆಂಟ್ಸ್, ಯುರೋಪಿನ ಎಸ್ಪಾಸೆನೆಟ್, ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಾದ ವೈಪೋದ ಪೇಟೆಂಟ್‌ಸ್ಕೋಪ್ ತಾಣಗಳಲ್ಲಿ ನೀವೇ ಹುಡುಕಿ. ಇವೆಲ್ಲ ಉಚಿತ, ಮತ್ತು ನಿಮ್ಮ ವಿಧಾನದ ಹಿಂದಿನ ಚರಿತ್ರೆ ನಿಮಗಿಂತ ಚೆನ್ನಾಗಿ ಇನ್ನೊಬ್ಬರಿಗೆ ಗೊತ್ತಿರಲಾರದು.

ಅರ್ಜಿಗೆ ಸೋರ್ಸ್ ಕೋಡನ್ನೇ ಲಗತ್ತಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಪರಿಣತರೊಬ್ಬರು ಓದಿ ತಾವೇ ಕಟ್ಟಬಲ್ಲಷ್ಟು ವಿವರ, ಹರಿವಿನ ನಕ್ಷೆಗಳು ಮತ್ತು ಉದಾಹರಣೆಗಳು ಬೇಕು. ತಾತ್ಕಾಲಿಕ ಅರ್ಜಿಯನ್ನು ಹಾಕಿ 12 ತಿಂಗಳೊಳಗೆ ಪೂರ್ಣ ಅರ್ಜಿ ಸಲ್ಲಿಸುವ ಅವಕಾಶ ಭಾರತದಲ್ಲೂ ಅಮೆರಿಕದಲ್ಲೂ ಇದೆ, ಆದರೆ ತಾತ್ಕಾಲಿಕ ಅರ್ಜಿಯಲ್ಲಿ ಹೇಳದ ವಿಷಯಕ್ಕೆ ಆ ಹಿಂದಿನ ದಿನಾಂಕ ಸಿಗುವುದಿಲ್ಲ; ಅರ್ಧ ಪುಟದ ಅರ್ಜಿ ಅರ್ಧ ಪುಟದಷ್ಟೇ ರಕ್ಷಣೆ. ಪ್ಯಾರಿಸ್ ಒಡಂಬಡಿಕೆಯಡಿ ಮೊದಲ ಅರ್ಜಿಯಿಂದ 12 ತಿಂಗಳೊಳಗೆ ಬೇರೆ ದೇಶಗಳಲ್ಲಿ ಅರ್ಜಿ ಹಾಕಿದರೆ ಮೊದಲ ದಿನಾಂಕವೇ ಉಳಿಯುತ್ತದೆ. ಪೇಟೆಂಟ್ ಸಹಕಾರ ಒಪ್ಪಂದದ ಮೂಲಕ ಹೋದರೆ ದೇಶಗಳನ್ನು ಆರಿಸಲು ಸಾಮಾನ್ಯವಾಗಿ 30 ತಿಂಗಳವರೆಗೆ ಸಮಯ ಸಿಗುತ್ತದೆ. ಭಾರತದ ನಿವಾಸಿಗಳು ಮೊದಲು ವಿದೇಶದಲ್ಲಿ ಅರ್ಜಿ ಹಾಕಬೇಕೆಂದರೆ ಕಾಯ್ದೆಯ 39ನೇ ಕಲಮಿನಂತೆ ಪೂರ್ವಾನುಮತಿ ಪಡೆಯಬೇಕು, ಇಲ್ಲವೇ ಭಾರತದಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು. ಇಲ್ಲಿ ಎಡವಿದರೆ ಪೇಟೆಂಟೇ ರದ್ದಾಗಬಹುದು.

ಇನ್ನು ನನ್ನ ಸಲಹೆ: ಪೇಟೆಂಟಿಗೆ ಹೊರಡುವ ಮುನ್ನ, ಬೇರೆಯವರು ಅದನ್ನು ಉಲ್ಲಂಘಿಸಿದರೆ ನಿಮಗೆ ತಿಳಿಯುವ ದಾರಿ ಇದೆಯೇ ಎಂದು ಕೇಳಿಕೊಳ್ಳಿ. ಅರ್ಜಿ ಸಾಮಾನ್ಯವಾಗಿ 18 ತಿಂಗಳಲ್ಲಿ ಪ್ರಕಟವಾಗುತ್ತದೆ, ಅಂದರೆ ಪೇಟೆಂಟ್ ಸಿಗುವ ಮೊದಲೇ ವಿಧಾನ ಎಲ್ಲರಿಗೂ ಗೊತ್ತಾಗುತ್ತದೆ. ವಿಧಾನವು ಸಾಧನದೊಳಗೆ ಕಾಣುವಂತೆ ಕೆಲಸ ಮಾಡಿದರೆ ಪೇಟೆಂಟಿಗೆ ಬಲವಿದೆ. ಅದು ಯಾರದೋ ಸರ್ವರಿನ ಒಳಗೆ ಕಣ್ಣಿಗೆ ಕಾಣದೆ ನಡೆಯುವಂಥದ್ದಾದರೆ, ನೀವು 20 ವರ್ಷದ ಹಕ್ಕನ್ನು ಪಡೆದೂ ಒಬ್ಬ ಉಲ್ಲಂಘಕನನ್ನೂ ಹಿಡಿಯಲಾಗದೆ ಇರಬಹುದು. ಅಂತಹ ವಿಧಾನವನ್ನು ಗೋಪ್ಯವಾಗಿಡುವುದೇ ಮೇಲು.

ನಾಲ್ಕನೆಯ ಹೆಜ್ಜೆ: ಕೃತಿಸ್ವಾಮ್ಯಕ್ಕೆ ಸಾಕ್ಷ್ಯ ಮತ್ತು ನೋಂದಣಿ

1886ರ ಬರ್ನ್ ಒಡಂಬಡಿಕೆಯ ಫಲವಾಗಿ, ಅದರ ಸದಸ್ಯ ದೇಶಗಳಲ್ಲಿ ಕೃತಿಸ್ವಾಮ್ಯವನ್ನು ಅನುಭವಿಸಲು ಯಾವ ವಿಧಿವಿಧಾನವೂ ಬೇಕಿಲ್ಲ. ಬರೆದ ಕ್ಷಣದಿಂದ ಹಕ್ಕು ನಿಮ್ಮದು, ಒಂದು ದೇಶದಲ್ಲಿ ಬರೆದದ್ದಕ್ಕೆ ಇತರ ಸದಸ್ಯ ದೇಶಗಳಲ್ಲೂ ರಕ್ಷಣೆ ಇದೆ. ಅವಧಿಯೂ ದೀರ್ಘ: ವ್ಯಕ್ತಿಯೊಬ್ಬರು ಬರೆದಿದ್ದರೆ ಭಾರತದಲ್ಲಿ ಅವರ ಜೀವಿತಾವಧಿ ಮತ್ತು ನಂತರದ 60 ವರ್ಷ, ಯುರೋಪಿನಲ್ಲೂ ಅಮೆರಿಕದಲ್ಲೂ ನಂತರದ 70 ವರ್ಷ. ಆದ್ದರಿಂದ ಇಲ್ಲಿ ಮಾಡಬೇಕಾದ ಕೆಲಸ ಹಕ್ಕನ್ನು ಪಡೆಯುವುದಲ್ಲ, ಅದನ್ನು ಸಾಬೀತುಪಡಿಸಲು ಸಿದ್ಧವಾಗಿರುವುದು.

ಪ್ರತಿ ಫೈಲಿನ ತಲೆಭಾಗದಲ್ಲಿ ವೃತ್ತದೊಳಗಿನ ಸಿ ಚಿಹ್ನೆ, ವರ್ಷ, ಒಡೆಯರ ಹೆಸರು ಮತ್ತು ಪರವಾನಗಿಯ ಉಲ್ಲೇಖ ಇರುವ ಒಂದೆರಡು ಸಾಲು ಬರೆಯಿರಿ. ಇದು ಕಡ್ಡಾಯವಲ್ಲ, ಆದರೆ ‘ಗೊತ್ತಿರಲಿಲ್ಲ’ ಎನ್ನುವ ವಾದಕ್ಕೆ ಆಸ್ಪದ ಕೊಡುವುದಿಲ್ಲ. ಕೋಡಿನ ಪ್ರತಿ ಬದಲಾವಣೆಯನ್ನು ‘ಕಮಿಟ್’ ಆಗಿ ದಾಖಲಿಸುವ ಗಿಟ್ ಸಾಧನದ ಇತಿಹಾಸ ಒಳ್ಳೆಯ ಸಾಕ್ಷ್ಯವೇ, ಆದರೆ ಅದರಲ್ಲೊಂದು ದುರ್ಬಲತೆ ಇದೆ: ಕಮಿಟ್‌ನ ದಿನಾಂಕ ಬರೆಯುವವರ ಕಂಪ್ಯೂಟರಿನಿಂದಲೇ ಬರುತ್ತದೆ ಮತ್ತು ಅದನ್ನು ಬೇಕಾದಂತೆ ಬದಲಿಸಬಹುದು. ಹಾಗಾಗಿ ಮುಖ್ಯ ಆವೃತ್ತಿಗಳಿಗೆ ಡಿಜಿಟಲ್ ಸಹಿ ಹಾಕಿ, ಅದರ ಹ್ಯಾಶ್ ಮೌಲ್ಯವನ್ನು (ಫೈಲಿನ ಬೆರಳಚ್ಚಿನಂತಹ ಸಂಕೇತವನ್ನು) ನಿಮ್ಮ ನಿಯಂತ್ರಣದಲ್ಲಿಲ್ಲದ ಕಾಲಮುದ್ರೆ ಸೇವೆಯೊಂದರಲ್ಲಿ ದಾಖಲಿಸಿ. ಕೋಡನ್ನು ಮುದ್ರಿಸಿ ತಮಗೇ ಅಂಚೆಯಲ್ಲಿ ಕಳಿಸಿಕೊಂಡರೆ ಕೃತಿಸ್ವಾಮ್ಯ ಸಿಗುತ್ತದೆ ಎಂಬ ಮಾತು ಈಗಲೂ ಓಡಾಡುತ್ತಿದೆ. ಆ ಲಕೋಟೆ ನೋಂದಣಿಗೆ ಬದಲಿಯಲ್ಲ, ಸಾಕ್ಷ್ಯವಾಗಿಯೂ ಅದಕ್ಕೆ ಹೇಳಿಕೊಳ್ಳುವಂತಹ ಬೆಲೆಯಿಲ್ಲ.

ನೋಂದಣಿ ಐಚ್ಛಿಕವಾದರೂ ಉಪಯುಕ್ತ. ಭಾರತದಲ್ಲಿ ಕೃತಿಸ್ವಾಮ್ಯ ನೋಂದಣಿ ಪುಸ್ತಕದಲ್ಲಿನ ನಮೂದು ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಅರ್ಜಿ ಹಾಕಿದ ಮೇಲೆ ಆಕ್ಷೇಪಣೆಗಳಿಗಾಗಿ 30 ದಿನ ಕಾಯುವ ಅವಧಿ ಇದೆ, ನಂತರ ಪರಿಶೀಲನೆ. 2021ರ ತಿದ್ದುಪಡಿಯ ನಂತರ ಸೋರ್ಸ್ ಕೋಡಿನ ಮೊದಲ 10 ಮತ್ತು ಕೊನೆಯ 10 ಪುಟಗಳನ್ನು, ಒಟ್ಟು 20 ಪುಟಕ್ಕಿಂತ ಕಡಿಮೆ ಇದ್ದರೆ ಪೂರ್ತಿ ಕೋಡನ್ನು ಸಲ್ಲಿಸಬೇಕು, ಮತ್ತು ಯಾವ ಭಾಗವನ್ನೂ ಮರೆಮಾಚುವಂತಿಲ್ಲ. ಈ ಕೊನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಲ್ಲಿಸುವ ಪುಟಗಳಲ್ಲಿ ಪಾಸ್‌ವರ್ಡ್, ಗೂಢಲಿಪಿಯ ಕೀಲಿ, ಅಥವಾ ನಮ್ಮ ಉದಾಹರಣೆಯ ಮಿತಿಗಳ ಪಟ್ಟಿಯಂತಹ ರಹಸ್ಯ ಇದೆಯೇ ಎಂದು ಸಾಲು ಸಾಲಾಗಿ ನೋಡಿ. ಇದ್ದರೆ, ಅದು ಕೋಡಿನೊಳಗೆ ಇರಬೇಕಾದದ್ದೇ ಅಲ್ಲವಾದ್ದರಿಂದ, ಬೇರೆ ಫೈಲಿಗೆ ಸರಿಸಿ ಆಮೇಲೆ ನೋಂದಾಯಿಸಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲ 25 ಮತ್ತು ಕೊನೆಯ 25 ಪುಟಗಳನ್ನು ಕೇಳುತ್ತಾರೆ, ವ್ಯಾಪಾರ ರಹಸ್ಯಗಳಿದ್ದರೆ ಕೆಲವು ಭಾಗಗಳನ್ನು ಮುಚ್ಚಲು ಅವಕಾಶವಿದೆ. ಅಲ್ಲಿ ಹುಟ್ಟಿದ ಕೃತಿಗೆ ನೋಂದಣಿಯಿಲ್ಲದೆ ಮೊಕದ್ದಮೆ ಹೂಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಖಚಿತಪಡಿಸಿತು; ಕಾನೂನು ನಿಗದಿಪಡಿಸಿದ ಪರಿಹಾರ ಮತ್ತು ವಕೀಲರ ವೆಚ್ಚ ಸಿಗಬೇಕಾದರೆ ಉಲ್ಲಂಘನೆಗೆ ಮುಂಚೆ, ಇಲ್ಲವೇ ಪ್ರಕಟಣೆಯ ಮೂರು ತಿಂಗಳೊಳಗೆ ನೋಂದಾಯಿಸಿರಬೇಕು. ಅಮೆರಿಕದ ಮಾರುಕಟ್ಟೆಯಲ್ಲಿ ತಂತ್ರಾಂಶ ಮಾರುವವರು ವಿದೇಶೀಯರಾದರೂ ಈ ಕಾರಣಕ್ಕೆ ಅಲ್ಲಿ ನೋಂದಾಯಿಸುವುದು ಲಾಭದಾಯಕ.

ಐದನೆಯ ಹೆಜ್ಜೆ: ನಿಮ್ಮ ಕೋಡಿನೊಳಗಿರುವ ಇತರರ ಕೋಡನ್ನು ಗುರುತಿಸಿ

ಇಂದಿನ ಯಾವ ತಂತ್ರಾಂಶವೂ ಪೂರ್ತಿ ಸ್ವಂತದ್ದಲ್ಲ. ಬಳಸಿರುವ ಪ್ರತಿ ಲೈಬ್ರರಿಯ ಹೆಸರು, ಆವೃತ್ತಿ ಮತ್ತು ಪರವಾನಗಿಯ ಪಟ್ಟಿಯನ್ನು ಸಾಧನದ ನೆರವಿನಿಂದ ತಯಾರಿಸಿ. ಎಂಐಟಿ ಪರವಾನಗಿ ಹಕ್ಕಿನ ಸೂಚನೆಯನ್ನು ಉಳಿಸಿಕೊಳ್ಳಬೇಕೆಂದಷ್ಟೇ ಕೇಳುತ್ತದೆ. ಅಪಾಚೆ 2.0 ಪೇಟೆಂಟಿನ ಪರವಾನಗಿಯನ್ನೂ ಕೊಡುತ್ತದೆ, ಆದರೆ ಆ ತಂತ್ರಾಂಶದ ವಿರುದ್ಧ ನೀವೇ ಪೇಟೆಂಟ್ ಮೊಕದ್ದಮೆ ಹೂಡಿದರೆ ಅದನ್ನು ಹಿಂತೆಗೆದುಕೊಳ್ಳುತ್ತದೆ. ಜಿಪಿಎಲ್ ಪರವಾನಗಿಯ ಕೋಡನ್ನು ಸೇರಿಸಿಕೊಂಡು ಕಟ್ಟಿದ ಪ್ರೋಗ್ರಾಮನ್ನು ವಿತರಿಸಿದರೆ, ಅದರ ಸೋರ್ಸ್ ಕೋಡನ್ನೂ ಅದೇ ಷರತ್ತಿನಡಿ ಕೊಡಬೇಕಾಗುತ್ತದೆ. ಉಚಿತವಾಗಿ ಸಿಕ್ಕಿದ್ದಕ್ಕೆ ಷರತ್ತು ಅನ್ವಯಿಸದು ಎಂದುಕೊಳ್ಳಬಾರದು: ಮುಕ್ತ ಪರವಾನಗಿಯ ಷರತ್ತು ಮುರಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯೇ ಆಗಬಲ್ಲದು ಎಂದು ಅಮೆರಿಕದ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ 2008ರ ಜೇಕಬ್‌ಸನ್ ಮತ್ತು ಕಾಟ್ಜರ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಕೋಡನ್ನು ನೀವೇ ಮುಕ್ತವಾಗಿ ಬಿಡುವುದಾದರೆ ಪರವಾನಗಿಯ ಫೈಲನ್ನು ಮೊದಲ ದಿನವೇ ಇಡಿ; ಪರವಾನಗಿ ಇಲ್ಲದೆ ಸಾರ್ವಜನಿಕವಾಗಿಟ್ಟ ಕೋಡನ್ನು ನೋಡಲು ಎಲ್ಲರಿಗೂ ಸಾಧ್ಯ, ಬಳಸಲು ಯಾರಿಗೂ ಹಕ್ಕಿಲ್ಲ ಎಂಬ ಸ್ಥಿತಿ ಯಾರಿಗೂ ಒಳಿತಲ್ಲ.

ಆರನೆಯ ಹೆಜ್ಜೆ: ರಹಸ್ಯವಾಗಿಡಬೇಕಾದದ್ದನ್ನು ರಹಸ್ಯವಾಗಿಯೇ ಇಡಿ

ಟ್ರಿಪ್ಸ್ ಒಪ್ಪಂದದ 39ನೇ ವಿಧಿ ವ್ಯಾಪಾರ ರಹಸ್ಯಕ್ಕೆ ಮೂರು ಷರತ್ತು ಹಾಕುತ್ತದೆ: ಮಾಹಿತಿ ಗೋಪ್ಯವಾಗಿರಬೇಕು, ಗೋಪ್ಯವಾಗಿರುವುದರಿಂದಲೇ ಅದಕ್ಕೆ ಬೆಲೆಯಿರಬೇಕು, ಅದನ್ನು ಕಾಪಾಡಲು ಒಡೆಯರು ಸೂಕ್ತ ಕ್ರಮ ಕೈಗೊಂಡಿರಬೇಕು. ಸೋಲುವುದು ಹೆಚ್ಚಾಗಿ ಮೂರನೆಯದರಲ್ಲಿ. ಸೋರ್ಸ್ ಕೋಡಿಗೆ ಯಾರಿಗೆಲ್ಲ ಪ್ರವೇಶವಿದೆ ಎಂಬ ಪಟ್ಟಿ, ಗೋಪ್ಯತೆಯ ಒಪ್ಪಂದಗಳು, ಕೆಲಸ ಬಿಟ್ಟವರ ಪ್ರವೇಶವನ್ನು ಅದೇ ದಿನ ರದ್ದುಮಾಡಿದ ದಾಖಲೆ ಇವು ಇರಲಿ. ಸ್ವತಂತ್ರವಾಗಿ ಅದನ್ನೇ ಕಂಡುಹಿಡಿದವರ ಮೇಲೆ, ಅಥವಾ ನ್ಯಾಯಯುತವಾಗಿ ಪಡೆದ ಪ್ರತಿಯನ್ನು ಅಧ್ಯಯನ ಮಾಡಿ ಅರಿತವರ ಮೇಲೆ ಈ ಕಾನೂನು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ ಎಂಬುದನ್ನೂ ನೆನಪಿಡಿ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮೂ, ಕಲ್ಪನೆ ಮತ್ತು ತತ್ವಗಳನ್ನು ತಿಳಿಯಲು ಪ್ರೋಗ್ರಾಮನ್ನು ಗಮನಿಸಿ ಪರೀಕ್ಷಿಸುವುದನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ.

ಏಳನೆಯ ಹೆಜ್ಜೆ: ನಕಲು ಕಂಡಾಗ

ನಕಲು ಕಂಡೊಡನೆ ಆ ಕಡೆಯವರಿಗೆ ಕೋಪದ ಪತ್ರ ಬರೆಯುವುದು ಸಹಜವಾದ ಆತುರ, ಆದರೆ ಅದನ್ನು ತಡೆದುಕೊಳ್ಳಿ. ಮೊದಲು ಅವರ ತಂತ್ರಾಂಶದ ಪ್ರತಿಯನ್ನು ಕಾನೂನುಬದ್ಧವಾಗಿ ಪಡೆದು, ರಸೀದಿಯೊಂದಿಗೆ, ಹ್ಯಾಶ್ ಮೌಲ್ಯದೊಂದಿಗೆ ಭದ್ರಪಡಿಸಿ. ನಕಲನ್ನು ತೋರಿಸಿಕೊಡುವುದು ಎರಡೂ ಕಡೆ ಸರಿಯಾಗಿರುವ ಸಾಲುಗಳಿಗಿಂತ ಎರಡೂ ಕಡೆ ತಪ್ಪಾಗಿರುವ ಸಾಲುಗಳು: ನಿಮ್ಮ ಟಿಪ್ಪಣಿಯ ಕಾಗುಣಿತ ದೋಷ, ಎಂದೋ ಬಳಕೆ ತಪ್ಪಿದರೂ ಅಳಿಸದೆ ಉಳಿದ ಫಂಕ್ಷನ್, ಯಾವ ಉಪಯೋಗವೂ ಇಲ್ಲದ ವೇರಿಯಬಲ್. ಸ್ವತಂತ್ರವಾಗಿ ಬರೆದವರು ನಿಮ್ಮ ತಪ್ಪುಗಳನ್ನೂ ಮಾಡಲಾರರು.

ಆಮೇಲೆ ನ್ಯಾಯಾಲಯ ಮಾಡುವ ಸೋಸುವಿಕೆಯನ್ನು ನೀವೇ ಮಾಡಿ. 1992ರ ಕಂಪ್ಯೂಟರ್ ಅಸೋಸಿಯೇಟ್ಸ್ ಮತ್ತು ಆಲ್ಟಾಯ್ ಪ್ರಕರಣ ಕೊಟ್ಟ ಮಾದರಿಯಲ್ಲಿ, ಪ್ರೋಗ್ರಾಮನ್ನು ಮೇಲಿನ ಕಲ್ಪನೆಯಿಂದ ಕೆಳಗಿನ ಸಾಲುಗಳವರೆಗೆ ಸ್ತರಗಳಾಗಿ ಬಿಡಿಸಿ, ದಕ್ಷತೆಗಾಗಿ ಅನಿವಾರ್ಯವಾದದ್ದನ್ನು, ಯಂತ್ರ ಅಥವಾ ಮಾನದಂಡ ಬೇಡುವುದನ್ನು, ಸಾರ್ವಜನಿಕ ಸ್ವತ್ತನ್ನು ತೆಗೆದುಹಾಕಿ, ಉಳಿದದ್ದನ್ನು ಮಾತ್ರ ಹೋಲಿಸಬೇಕು. ಮುಕ್ತ ಲೈಬ್ರರಿಗಳಿಂದ ನೀವೇ ತಂದ ಸಾಲುಗಳನ್ನೂ ಈ ಹಂತದಲ್ಲೇ ಬದಿಗಿಡಿ. ಹೋಲಿಕೆ ಇದ್ದಲ್ಲೆಲ್ಲ ಗೆಲುವು ಇದೆ ಎಂದೂ ಇಲ್ಲ. ಜಾವಾದ ಸುಮಾರು 11,500 ಸಾಲುಗಳ ಘೋಷಣಾ ಕೋಡನ್ನು (ಫಂಕ್ಷನ್ನುಗಳ ಹೆಸರು ಮತ್ತು ರೂಪವನ್ನಷ್ಟೇ ಹೇಳುವ ಸಾಲುಗಳನ್ನು) ಆಂಡ್ರಾಯ್ಡ್‌ಗಾಗಿ ಗೂಗಲ್ ನಕಲು ಮಾಡಿದ್ದು ನ್ಯಾಯಯುತ ಬಳಕೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿತು.

ಇಷ್ಟಾದ ಮೇಲೆ ನೋಟಿಸು. ಕೋಡ್ ಯಾವುದಾದರೂ ತಾಣದಲ್ಲಿದ್ದರೆ ಅಮೆರಿಕದ 1998ರ ಡಿಜಿಟಲ್ ಕೃತಿಸ್ವಾಮ್ಯದ ಡಿಎಂಸಿಎ ಕಾಯ್ದೆಯಡಿ ತೆಗೆದುಹಾಕುವಂತೆ ಕೇಳಬಹುದು. ಭಾರತದ ಕಾಯ್ದೆಯಡಿ ದೂರು ಪಡೆದ ತಾಣವು 21 ದಿನ, ಅಥವಾ ನ್ಯಾಯಾಲಯದ ಆದೇಶ ಬರುವವರೆಗೆ, ಅದರ ಲಭ್ಯತೆಯನ್ನು ತಡೆಹಿಡಿಯಬೇಕಾಗುತ್ತದೆ, ಆದ್ದರಿಂದ ಆ ಅವಧಿಯೊಳಗೆ ಆದೇಶ ತರಲು ವಕೀಲರು ಮೊದಲೇ ಸಿದ್ಧರಿರಬೇಕು. ಆಧಾರವಿಲ್ಲದ ಬೆದರಿಕೆಯ ಪತ್ರ ಬರೆದರೆ ಅದರ ವಿರುದ್ಧವೇ ದಾವೆ ಹೂಡಲು ಭಾರತದ ಕೃತಿಸ್ವಾಮ್ಯ ಮತ್ತು ಪೇಟೆಂಟ್ ಕಾಯ್ದೆಗಳೆರಡೂ ಅವಕಾಶ ಕೊಡುತ್ತವೆ. ಕಾಲಮಿತಿಯೂ ಇದೆ: ಕೃತಿಸ್ವಾಮ್ಯದ ಸಿವಿಲ್ ದಾವೆಗೆ ಭಾರತದಲ್ಲೂ ಅಮೆರಿಕದಲ್ಲೂ 3 ವರ್ಷ. ನಕಲು ನಿಮ್ಮ ಗಮನಕ್ಕೆ ಬಂದ ದಿನಾಂಕವನ್ನು, ಅದು ಹೇಗೆ ತಿಳಿಯಿತು ಎಂಬ ವಿವರದೊಂದಿಗೆ, ಅದೇ ದಿನ ಬರೆದು ಸಹಿ ಹಾಕಿ ಸಾಕ್ಷ್ಯದ ಕಡತದ ಮೊದಲ ಹಾಳೆಯಾಗಿ ಇಡಿ.